ಕೌಲ್ ಬಜಾರಿನ ಗಾಡಿ, ಚೆನ್ನೈ ಗಾಳಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಂದೊಂದು ಸಣ್ಣ ಗ್ಯಾರೇಜು. ಯಮಹಾದ ಹಳೇ ಟೂ ಸ್ಟ್ರೋಕ್ ಬೈಕು ಆರ್‌ಎಕ್ಸ್ 100 ರಿಪೇರಿಯೇ ಜಾಸ್ತಿ. ಆ ಬೈಕಿನ ತಯಾರಿಕೆ 1996ಕ್ಕೇ ನಿಂತುಹೋಯಿತು, ಹುಚ್ಚು ಮಾತ್ರ ನಿಂತಿಲ್ಲ. ಅದರಲ್ಲೇ ಒಮ್ಮೆ ಡ್ರ್ಯಾಗ್ ಓಡಿಸೋಣ ಅಂತ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋದೆ. ಇಬ್ಬರು ಪಕ್ಕಪಕ್ಕ ನಿಂತು ಓಡೋದು, ನೇರ ದಾರಿ, 402 ಮೀಟರ್, ಅಷ್ಟೇ.

ದೇಶದ ಮೋಟಾರ್ ರೇಸ್ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸು, ಎಂಟ್ರಿ ಫೀಸು, ಬೂಟು ಅಂತ ಹೊರಡುವ ಮೊದಲೇ ಜೇಬು ಖಾಲಿ. ಲೆದರ್ ಸೂಟು ಗೆಳೆಯನದು, ಭುಜದ ಹತ್ತಿರ ಬಿಗಿ. ಟಾಟಾ ಏಸಿಗೆ ಗಾಡಿ ಕಟ್ಟಿ ರಾತ್ರಿಯಿಡೀ ಪ್ರಯಾಣ.

ಬೆಳಿಗ್ಗೆ ಒಂದು ರನ್ ಹೊಡೆದು, ಪ್ಲಗ್ ಬಿಚ್ಚಿ ನೋಡಿದೆ. ತುದಿ ಬಿಳಿಚಿಕೊಂಡಿತ್ತು. ಊರಲ್ಲಿ ಇದೇ ಜೆಟ್ಟಿಗೆ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು) ಚೆನ್ನಾಗಿ ಕಾಫಿ ಬಣ್ಣ ಬರುತ್ತಿತ್ತು. ಬಳ್ಳಾರಿ ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಜಾಸ್ತಿ ಎತ್ತರ, ಮೇಲಿಂದ ಆ ಬಿಸಿಲು, ಗಾಳಿ ತೆಳು. ಇಲ್ಲಿ ಗಾಳಿ ದಪ್ಪ, ಪೆಟ್ರೋಲ್ ಸಾಲುತ್ತಿಲ್ಲ. ಹಾಗೇ ಓಡಿಸಿದ್ದರೆ ಎಂಜಿನ್ ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ದೊಡ್ಡ ಜೆಟ್ ಹಾಕಿದೆ, ಚೈನಿನ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಮ್ಮಿ ಮಾಡಿದೆ. ಎತ್ತುವಾಗ ಜೋರಾಗಿ ಎತ್ತುತ್ತದೆ, ಕೊನೆಯಲ್ಲಿ ಉಸಿರು ಕಟ್ಟುತ್ತದೆ. ಇರಲಿ ಅಂದುಕೊಂಡೆ.

ಪಕ್ಕದಲ್ಲೇ ಒಂದು ಟೀಮಿನ ಟೆಂಟು. ಜನರೇಟರು, ಲ್ಯಾಪ್‌ಟಾಪು, ಮೂರು ಜನ ಮೆಕ್ಯಾನಿಕ್ಕು. ಅವರ ರೈಡರ್ ಸ್ಪ್ಯಾನರ್ ಮುಟ್ಟಲೇ ಇಲ್ಲ, ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ಹೊಟ್ಟೆಕಿಚ್ಚೇ ಅನ್ನಿ.

ಆದರೆ ಡ್ರ್ಯಾಗ್‌ನಲ್ಲಿ ಒಂದು ಮಜಾ ಇದೆ. ಹಸಿರು ದೀಪ ಬಂದಾಗ ನಿಮ್ಮ ಟೈಮ್ ಶುರುವಾಗೋದಿಲ್ಲ, ಮುಂದಿನ ಚಕ್ರ ಸ್ಟಾರ್ಟ್ ಗೆರೆಯ ಬೆಳಕಿನ ಬೀಮ್ ಬಿಟ್ಟಾಗ ಶುರು. ಗೆಲ್ಲೋದು ಮಾತ್ರ ಕೊನೆಯ ಗೆರೆ ಮೊದಲು ದಾಟಿದವನು. ಹಾಗಾಗಿ ಹಸಿರಿಗೆ ತಡವಾಗಿ ಹೊರಟರೆ ಟೈಮು ಚೆನ್ನಾಗಿದ್ದವನೂ ಸೋಲಬಹುದು. ನಾನು ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿದು, ಕಚ್ಚುವ ಜಾಗಕ್ಕೆ ತಂದು, ಹಸಿರಿಗೆ ಮುಂಚಿನ ಕೊನೇ ಹಳದಿ ದೀಪ ನೋಡಿಯೇ ಬಿಟ್ಟೆ. ಎಳನೀರು ಕುಡಿಯುತ್ತಿದ್ದವನಿಗಿಂತ ಮೊದಲು ಗೆರೆ ದಾಟಿದೆ. ಟೈಮಿನ ಚೀಟಿ ನೋಡಿದರೆ ಟೈಮು ಅವನದೇ ಚೆನ್ನಾಗಿತ್ತು! ಮುಂದಿನ ಸುತ್ತಲ್ಲಿ ನಾನು ಸೋತೆ, ಆ ಕಥೆ ಬೇಡ.

ರಸ್ತೆ ಮೇಲೆ ರೇಸ್ ಮಾಡುತ್ತಿದ್ದ ಹುಡುಗರನ್ನು ಸರಿಯಾದ ಜಾಗಕ್ಕೆ ಕರೆತರಲು ಅಮೆರಿಕದಲ್ಲಿ 1951ರಲ್ಲಿ ಎನ್‌ಎಚ್‌ಆರ್‌ಎ ಅನ್ನೋ ಡ್ರ್ಯಾಗ್ ರೇಸ್ ಸಂಸ್ಥೆ ಹುಟ್ಟಿತು. ಈಗ ಅಲ್ಲೂ ಟಿವಿಯೆಲ್ಲ ದೊಡ್ಡ ಟೀಮುಗಳದೇ. ಆದರೂ ಹವ್ಯಾಸಿಗಳಿಗೆ ಬ್ರಾಕೆಟ್ ರೇಸ್ ಉಳಿದಿದೆ. ನಿಮ್ಮ ಗಾಡಿ ಎಷ್ಟು ಸೆಕೆಂಡಲ್ಲಿ ಓಡುತ್ತೆ ಅಂತ ನೀವೇ ಬರೆದುಕೊಡಬೇಕು, ನಿಧಾನದ ಗಾಡಿಗೆ ಮೊದಲು ಹಸಿರು. ನಾನು ಓಡಿದ ಕಡೆ ಅದಿರಲಿಲ್ಲ. ಇದ್ದಿದ್ದರೆ ಕೌಲ್ ಬಜಾರಿನಿಂದ ಹತ್ತು ಹುಡುಗರನ್ನು ಕರೆದುಕೊಂಡು ಹೋಗುತ್ತಿದ್ದೆ. ಈಗ ಅವರು ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಸುಮ್ನೆ ಜೀವ ಪಣಕ್ಕಿಡುತ್ತಾರೆ.

ಸಂಜೆ ಗಾಡಿ ಕಟ್ಟುವಾಗ ಆ ಟೀಮಿನ ಮೆಕ್ಯಾನಿಕ್ ಬಂದ, ನನ್ನ ಜೆಟ್ ಡಬ್ಬಿ ತೆಗೆದು ನೋಡಿದ. "ಅಣ್ಣಾ, ಟೂ ಸ್ಟ್ರೋಕ್ ಚೆನ್ನಾಗಿ ಬರುತ್ತಲ್ಲ ನಿಮಗೆ? ಮುಂದಿನ ರೌಂಡಿಗೆ ನಮ್ಮ ಗಾಡಿ ನೋಡ್ಕೊತೀರಾ? ದಿನಕ್ಕಿಷ್ಟು ಅಂತ ಕೊಡ್ತೀವಿ."

"ನೋಡ್ಕೊತೀನಿ," ಅಂದೆ. "ದುಡ್ಡು ಬೇಡ, ನನ್ನ ಎಂಟ್ರಿ ಫೀಸ್ ಕಟ್ಟಿಬಿಡಿ."