ಕುಲಾಂತರಿ ಭತ್ತದಲ್ಲಿ ಕೇಳದೇ ಬಂದ ಬದಲಾವಣೆ ಹುಡುಕಿದ ಬಗೆ

ಕುಲಾಂತರಿ ಗಿಡದಲ್ಲಿ ನಾವು ಹಾಕಿದ ಜೀನ್ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಕಷ್ಟವಲ್ಲ. ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರುತ್ತದಲ್ಲ. ನಾವು ಕೇಳದ ಬದಲಾವಣೆ ಏನಾದರೂ ಆಗಿದೆಯೇ ಎಂಬುದು ತಲೆನೋವು. ಒಂದು ಕುಲಾಂತರಿ ಭತ್ತದಲ್ಲಿ ನಾನು ಅದನ್ನು ಹುಡುಕಿದ್ದು ಹೀಗೆ.

ಶುರು ಮಾಡಿದ್ದು ಡಿಎನ್‌ಎಯಿಂದ. ಜೀನ್ ಸಾಗಿಸಲು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಬಳಸಿದ್ದೆವು. ಅದು ಜೀನನ್ನು ಕ್ರೋಮೋಸೋಮಿನ ಯಾವ ಜಾಗದಲ್ಲಿ ಕೂರಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಾಕಿದ ಜೀನ್ ಇರುವ ಡಿಎನ್‌ಎ ತುಂಡುಗಳನ್ನು ಪಟ್ಟೆಗಳಾಗಿ ತೋರಿಸುವ ಸದರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಒಂದೇ ಪಟ್ಟೆ ಬಂತು, ಅಂದರೆ ಒಂದೇ ಪ್ರತಿ. ಅಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ. ಕಳೆನಾಶಕ ತಡೆದುಕೊಳ್ಳುವ 40-3-2 ಎಂಬ ಕುಲಾಂತರಿ ಸೋಯಾ 1996ರಿಂದ ಹೊಲಗಳಲ್ಲಿತ್ತು. ಅದರೊಳಗೆ ಆ ಕಳೆನಾಶಕ ತಡೆಯುವ ಜೀನಿನದೇ 250 ಮತ್ತು 72 ಬೇಸ್ ಜೋಡಿಗಳ (ಡಿಎನ್‌ಎ ಅಕ್ಷರಗಳ) ಎರಡು ತುಣುಕು ಹೆಚ್ಚಿಗೆ ಸೇರಿದ್ದು ವರದಿಯಾಗಿದ್ದು 2000ದಲ್ಲಿ. ಹಾಗಾಗಿ ಉದ್ದುದ್ದ ತುಂಡುಗಳನ್ನು ಓದುವ ಸೀಕ್ವೆನ್ಸಿಂಗ್ ಕೂಡ ಮಾಡಿಸಿದೆ. ಜೀನ್ ಕೂತ ಜಾಗದ ಎರಡೂ ಅಂಚು ಸಿಕ್ಕವು. ಒಂದು ಅಂಚಿನಲ್ಲಿ ಭತ್ತದ ಡಿಎನ್‌ಎ ಸ್ವಲ್ಪ ಕಳೆದುಹೋಗಿತ್ತು. ಇದು ಮಾಮೂಲು. ಅಂಚುಗಳಲ್ಲಿ ಹೊಸ ಪ್ರೋಟೀನ್ ಹುಟ್ಟಬಹುದೇ ಎಂದು ಲೆಕ್ಕ ಹಾಕಿ, ಗೊತ್ತಿರುವ ಅಲರ್ಜಿ ಪ್ರೋಟೀನ್‌ಗಳ ಜೊತೆ ಹೋಲಿಸಿದೆ. 80 ಅಮೈನೋ ಆಮ್ಲಗಳ ಉದ್ದದಲ್ಲಿ 35%ಗಿಂತ ಹೆಚ್ಚು ಹೋಲಿಕೆ ಇದ್ದರೆ ಹುಷಾರಾಗಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್‌ನ 2003ರ ಮಾರ್ಗಸೂಚಿ. ಅಂಥದ್ದೇನೂ ಸಿಗಲಿಲ್ಲ.

ಜಾಸ್ತಿ ತಲೆ ಓಡಿಸಿದ್ದು ಮುಂದಿನದಕ್ಕೆ: ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ನೋಡುವಾಗ ಯಾವ ಗಿಡದ ಜೊತೆ ಹೋಲಿಸಬೇಕು? ಮೂಲ ತಳಿ ಒಂದೇ ಸಾಲದು. ಕುಲಾಂತರಿ ಗಿಡ ಟಿಶ್ಯೂ ಕಲ್ಚರ್‌ನಿಂದ (ಲ್ಯಾಬಿನಲ್ಲಿ ಜೀವಕೋಶಗಳಿಂದ ಗಿಡ ಬೆಳೆಸುವ ವಿಧಾನ) ಎದ್ದು ಬಂದಿರುತ್ತದೆ, ಮೂಲ ತಳಿ ಬಂದಿರುವುದಿಲ್ಲ. ಭತ್ತದಲ್ಲಿ ಟಾಸ್17 ಅನ್ನುವ ಜಿಗಿಯುವ ಜೀನ್ ಇದೆ. ಟಿಶ್ಯೂ ಕಲ್ಚರ್‌ನಲ್ಲಿ ಅದು ಎಚ್ಚರಗೊಂಡು ಹೊಸ ಹೊಸ ಜಾಗಗಳಲ್ಲಿ ಕೂರುತ್ತದೆ. ಅದರ ಕಿತಾಪತಿಯನ್ನೆಲ್ಲ ನಾವು ಹಾಕಿದ ಜೀನಿನ ತಲೆಗೆ ಕಟ್ಟಿದರೆ ಹೇಗೆ? ಅದಕ್ಕೇ ಅದೇ ಗಿಡದ ಸಂತತಿಯಲ್ಲಿ ಜೀನ್ ಬಾರದೇ ಉಳಿದ ಗಿಡಗಳನ್ನೂ ಬೆಳೆಸಿದೆ. ಜೊತೆಗೆ ಕೆಲವು ಸಾಮಾನ್ಯ ತಳಿಗಳನ್ನೂ ಇಟ್ಟುಕೊಂಡೆ, ಭತ್ತ ತನ್ನಷ್ಟಕ್ಕೆ ತಾನು ಎಷ್ಟು ಬದಲಾಗುತ್ತದೆ ಎಂದು ತಿಳಿಯಲು.

ಎಲೆ ಕೀಳುವುದಕ್ಕೂ ಶಿಸ್ತು ಬೇಕು. ಬೆಳಿಗ್ಗೆ ಕಿತ್ತ ಎಲೆಗೂ ಸಂಜೆ ಕಿತ್ತ ಎಲೆಗೂ ಸಾವಿರಾರು ಜೀನ್‌ಗಳಲ್ಲಿ ವ್ಯತ್ಯಾಸ ಇರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಕಿತ್ತು, ತಕ್ಷಣ ದ್ರವ ಸಾರಜನಕಕ್ಕೆ ಹಾಕಿದೆವು. ಲೆಕ್ಕದಲ್ಲೂ ಎಚ್ಚರ ಬೇಕು. ಭತ್ತದಲ್ಲಿ ಸುಮಾರು 40,000 ಜೀನ್‌ಗಳಿವೆ. ನೂರಕ್ಕೆ ಐದು ಸಲ ಅದೃಷ್ಟದ ತಪ್ಪನ್ನು ಒಪ್ಪುವ 0.05 ಎಂಬ ಗೆರೆಯನ್ನು ಹಾಗೇ ಇಟ್ಟರೆ, ಏನೂ ಆಗಿರದಿದ್ದರೂ ಸುಮ್ನೆ ಅದೃಷ್ಟದಿಂದಲೇ 2,000 ಜೀನ್‌ಗಳು ಬದಲಾದಂತೆ ಕಾಣುತ್ತವೆ! ಅದನ್ನು ಸರಿಪಡಿಸುವ ಲೆಕ್ಕ ಹಾಕಿಯೇ ಮುಂದುವರಿದೆ.

ಸಾಮಾನ್ಯ ತಳಿಗಳ ನಡುವಿನ ವ್ಯತ್ಯಾಸದ ಮುಂದೆ ನಮ್ಮ ಗಿಡದಲ್ಲಿ ಬದಲಾದ ಜೀನ್‌ಗಳ ಪಟ್ಟಿ ಚಿಕ್ಕದಾಗಿತ್ತು. ಜೀನ್ ಬಾರದ ಗಿಡಗಳಲ್ಲೂ ಕಂಡದ್ದನ್ನು ತೆಗೆದ ಮೇಲೆ ಇನ್ನೂ ಚಿಕ್ಕದಾಯಿತು. ಆದರೆ ಒಂದು ಹೆಸರು ಹೋಗಲೇ ಇಲ್ಲ: ನಾವು ಹಾಕಿದ ಜೀನಿನ ಪಕ್ಕದಲ್ಲೇ ಇರುವ ಭತ್ತದ ಜೀನ್. ಹಾಕಿದ ಜೀನನ್ನು ಚಾಲೂ ಮಾಡಲು ಬಳಸಿದ್ದು 35ಎಸ್ ಪ್ರೊಮೋಟರ್ ಎಂಬ ಡಿಎನ್‌ಎ ಸ್ವಿಚ್ಚು. ತನ್ನ ಜೀನನ್ನಷ್ಟೇ ಅಲ್ಲ, ಅಕ್ಕಪಕ್ಕದವನ್ನೂ ಅದು ಜೋರು ಮಾಡಬಲ್ಲದು. ಮುಂದಿನ ಹಂಗಾಮಿನಲ್ಲಿ ಆ ಜೀನಿನ ಆರ್‌ಎನ್‌ಎಯನ್ನು ಅಳೆಯುವ ಕ್ಯೂಪಿಸಿಆರ್ ಪರೀಕ್ಷೆ ಮಾಡಿದಾಗಲೂ ಅದೇ ಕಂಡಿತು.

ಆರ್‌ಎನ್‌ಎ ಎಲ್ಲವನ್ನೂ ಹೇಳುವುದಿಲ್ಲ. ಹುರುಳಿಕಾಯಿ ಜಾತಿಯ ಒಂದು ಪ್ರೋಟೀನನ್ನು ಬಟಾಣಿಯಲ್ಲಿ ಮಾಡಿಸಿದಾಗ ಅದಕ್ಕೆ ಅಂಟುವ ಸಕ್ಕರೆ ಸರಪಳಿ ಬೇರೆಯಾಗಿತ್ತು, ಇಲಿಗಳು ಅಲರ್ಜಿಯಂಥ ಪ್ರತಿಕ್ರಿಯೆ ತೋರಿದವು ಎಂಬ ಆಸ್ಟ್ರೇಲಿಯಾದ ವರದಿ 2005ರಲ್ಲಿ ಬಂತು. ಕುಲಾಂತರಿಯಲ್ಲದ ಬಟಾಣಿಗೂ ಇಲಿಗಳು ಹಾಗೇ ಮಾಡುತ್ತವೆ ಎಂದು 2013ರಲ್ಲಿ ಇನ್ನೊಂದು ತಂಡ ತೋರಿಸಿತು, ಅದು ಬೇರೆ ಮಾತು. ನಾನಂತೂ ನಮ್ಮ ಪ್ರೋಟೀನನ್ನೂ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿ ನೋಡಿದೆ. ಅಂದುಕೊಂಡ ಹಾಗೇ ಇತ್ತು. ಕಾಳಿನ ಪೋಷಕಾಂಶಗಳೂ ಸಾಮಾನ್ಯ ತಳಿಗಳ ಮಿತಿಯೊಳಗೇ ಇದ್ದವು.

ಆ ಪಕ್ಕದ ಜೀನಿನಿಂದ ತೊಂದರೆಯಾಗಿದ್ದಕ್ಕೆ ಏನೂ ಸಾಕ್ಷಿ ಸಿಗಲಿಲ್ಲ. ಆದರೂ ಈ ಗಿಡವನ್ನು ಬದಿಗಿಡೋಣ ಎಂದು ಬರೆದುಕೊಟ್ಟೆ. ಹಾಕಿದ ಜೀನ್ ಬೇರೆ ಜೀನ್‌ಗಳಿಂದ ದೂರದ ಖಾಲಿ ಜಾಗದಲ್ಲಿ ಕೂತಿದ್ದ ಇನ್ನೊಂದು ಗಿಡ ನಮ್ಮ ಬಳಿ ಇತ್ತು. ಅದರ ಬೀಜವನ್ನು ಮುಂದಕ್ಕೆ ತೆಗೆದುಕೊಂಡೆವು.