ಅಂಗಡಿ ಸರ್ವರ್‌ಗೆ ಯಾವ ಲಿನಕ್ಸ್ ಹಾಕೋದು? ಮೊದ್ಲು ಸಪೋರ್ಟ್ ಮುಗಿಯೋ ತಾರೀಕು ನೋಡಿ

ಶಿರಸಿ ಕಡೆ ಅಡಿಕೆ ವ್ಯಾಪಾರದೋರು, ಗೋಕರ್ಣ ಕಾರವಾರದ ಕಡೆ ಹೋಂಸ್ಟೇ ನಡೆಸೋರು ಹಳೇ ಪಿಸಿಗೊಂದು ಲಿನಕ್ಸ್ ಹಾಕಿ ಬಿಲ್ಲು, ಬ್ಯಾಕಪ್ಪು ಎಲ್ಲ ಅದ್ರಲ್ಲೇ ಇಟ್ಕೊಳ್ತಾರೆ, ಒಂದ್ಸಲ ಮೂಲೆಗಿಟ್ರೆ ಆಮೇಲೆ ಅದನ್ನ ಯಾರೂ ಮುಟ್ಟಲ್ಲ. ಹಂಗಾಗಿ ಹೊಸದ್ರಲ್ಲಿ ಏನೇನಿದೆ ಅಂತ ನೋಡೋಕೆ ಮುಂಚೆ ಸೆಕ್ಯುರಿಟಿ ಅಪ್‌ಡೇಟ್ ಯಾವತ್ತಿನ ತನಕ ಬರತ್ತೆ ಅಂತ ನೋಡಿ.

ಲಿನಕ್ಸಲ್ಲಿ ಬೇರೆ ಬೇರೆ ಬಗೆ ಇದಾವೆ. ಅದ್ರಲ್ಲಿ ಉಬುಂಟು ಹಾಕೋದಾದ್ರೆ ಎಲ್‌ಟಿಎಸ್, ಅಂದ್ರೆ ಜಾಸ್ತಿ ವರ್ಷ ಸಪೋರ್ಟ್ ಇರೋ ರಿಲೀಸ್ ಮಾತ್ರ ಹಾಕಿ. 24.04ಕ್ಕೆ 5 ವರ್ಷ ಸಪೋರ್ಟಿದೆ, ಅದೇ 25.10 ತರದ ಮಧ್ಯದ ರಿಲೀಸಿಗೆ ಬರೀ 9 ತಿಂಗಳು, ಅಂದ್ರೆ ಈ ಸಲದ ಅಡಿಕೆ ಕೊಯ್ಲಲ್ಲಿ ಹಾಕಿದ್ದು ಮುಂದಿನ ಕೊಯ್ಲಿನೊಳಗೇ ಅನಾಥ. ಇನ್ನೊಂದು ವಿಷ್ಯ, ಆ 5 ವರ್ಷದ ಭರವಸೆ ಇರೋದು 'ಮೇನ್' ರೆಪೊಸಿಟರಿಗೆ, ಅಂದ್ರೆ ಉಬುಂಟು ಕಂಪನಿಯೇ ನೋಡ್ಕೊಳ್ಳೋ ಸಾಫ್ಟ್‌ವೇರ್ ಸಂಗ್ರಹಕ್ಕೆ. ಸಮುದಾಯದೋರು ನೋಡ್ಕೊಳ್ಳೋ 'ಯೂನಿವರ್ಸ್' ಸಂಗ್ರಹದಿಂದ ಹಾಕ್ಕೊಂಡ ಪ್ಯಾಕೇಜಿಗೂ (ಸಾಫ್ಟ್‌ವೇರಿಗೂ) ಅದೇ ತರ ಬೇಕಂದ್ರೆ ಉಬುಂಟು ಪ್ರೊ ಅನ್ನೋ ಹೆಚ್ಚಿನ ಸಪೋರ್ಟಿನ ಚಂದಾ ಹಾಕ್ಬೇಕು, ಸ್ವಂತ ಬಳಕೆಗೆ 5 ಮಷಿನ್ ತನಕ ದುಡ್ಡಿಲ್ಲ.

ನಾನು ಹೇಳೋದು ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸಿನ 'ಸ್ಟೇಬಲ್', ಅಂದ್ರೆ ಪರೀಕ್ಷೆ ಮುಗಿಸಿ ಬಿಟ್ಟಿರೋ ರಿಲೀಸು. ಡೆಬಿಯನ್ 13 ಬಂದಿದ್ದು 2025ರ ಆಗಸ್ಟಲ್ಲಿ, 3 ವರ್ಷ ಪೂರ್ತಿ ಸಪೋರ್ಟು, ಮೇಲೆ 2 ವರ್ಷ ಎಲ್‌ಟಿಎಸ್ (ಇಲ್ಲಿ ಎಲ್‌ಟಿಎಸ್ ಅಂದ್ರೆ ಪೂರ್ತಿ ಸಪೋರ್ಟ್ ಮುಗಿದ್ಮೇಲೂ ಬರೋ ಸೆಕ್ಯುರಿಟಿ ಅಪ್‌ಡೇಟು). ತೀರಾ ಹಳೇ 32 ಬಿಟ್ ಪಿಸಿಗೆ 13 ಇನ್‌ಸ್ಟಾಲ್ ಆಗಲ್ಲ, ಅಂಥ ಪಿಸಿನ ಸರ್ವರ್ ಮಾಡೋದು ಬಿಟ್ಬಿಡಿ.

ಸ್ಟೇಬಲ್‌ಲಿ ಎಲ್ಲಾ ಹಳೇ ವರ್ಷನ್ನು ಅಂತ ಬೈಯೋರಿದಾರೆ. ವಿಷ್ಯ ಹಂಗಲ್ಲ. 2024ರ ಜುಲೈಲಿ ಓಪನ್‌ಎಸ್‌ಎಸ್‌ಎಚ್‌ಲಿ (ದೂರದಿಂದ ಸರ್ವರಿಗೆ ಲಾಗಿನ್ ಆಗೋ ಸಾಫ್ಟ್‌ವೇರಲ್ಲಿ) ದೊಡ್ಡ ಸೆಕ್ಯುರಿಟಿ ತೂತು ಸಿಕ್ತಲ್ಲ, ಡೆಬಿಯನ್ 12ರಲ್ಲಿ ರಿಪೇರಿ ಆದಮೇಲೂ ವರ್ಷನ್ 9.2 ಅಂತ್ಲೇ ತೋರಿಸ್ತಿತ್ತು, ಬದಲಾಗಿದ್ದು ಬಾಲದಲ್ಲಿರೋ 'ಡೆಬ್12ಯು3' ಅನ್ನೋದಷ್ಟೆ. ರಿಪೇರಿಯನ್ನ ಹಳೇದಕ್ಕೇ ತಂದು ಸೇರಿಸ್ತಾರೆ, ಅದಕ್ಕೇ ಬ್ಯಾಕ್‌ಪೋರ್ಟ್ ಅನ್ನೋದು, ಹಂಗಾಗಿ ವರ್ಷನ್ ನೋಡುವಾಗ ಬಾಲನೂ ನೋಡಿ. ಅದೇ ವರ್ಷ ಮಾರ್ಚಲ್ಲಿ ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಲೈಬ್ರರಿಯ 5.6.0, 5.6.1ರಲ್ಲಿ ಯಾರೋ ಬೇಕಂತ್ಲೇ ಹಿಂಬಾಗ್ಲು ಇಟ್ಟಿದ್ರು, ಅದು ಮುಂದಿನ ರಿಲೀಸ್ ತಯಾರಾಗೋ ಡೆಬಿಯನ್ ಟೆಸ್ಟಿಂಗ್‌ಗೆ ಹೋಗಿತ್ತು, ಸ್ಟೇಬಲ್‌ಗೆ ಬಂದಿರ್ಲಿಲ್ಲ. ಹೊಸದೆಲ್ಲ ಸೇಫು ಅನ್ನೋರು ಇದನ್ನ ನೆನಪಿಡ್ಬೇಕು.

ತಾರೀಕಿನ ಜೊತೆ ಆ ಮಾತು ಕೊಟ್ಟೋರು ಯಾರು ಅನ್ನೋದೂ ಮುಖ್ಯ. ಸೆಂಟ್‌ಒಎಸ್ 8 ಅನ್ನೋ ಮತ್ತೊಂದು ಲಿನಕ್ಸಿಗೆ 2029ರ ತನಕ ಸಪೋರ್ಟ್ ಅಂತಿತ್ತು, 2021ರ ಕೊನೆಗೇ ನಿಲ್ಲಿಸಿದ್ರು. ಆ ಜಾತಿದೇ ಬೇಕು ಅನ್ನೋರು ಅಲ್ಮಾಲಿನಕ್ಸ್ 9 ನೋಡಿ, 2032ರ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ.

ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲು) ಇಳಿಸ್ಕೊಳ್ಳೋದು ಆ ಲಿನಕ್ಸಿನವರದೇ ಸೈಟಿಂದ, ಫೈಲ್ ಸರಿಯಾಗಿ ಬಂದಿದ್ಯಾ ಅಂತ ಸೈಟಲ್ಲಿ ಕೊಟ್ಟಿರೋ ಚೆಕ್‌ಸಮ್ ಸಂಖ್ಯೆ ಜೊತೆ ತಾಳೆ ನೋಡಿ. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಬೇಡ, ಎಸ್‌ಎಸ್‌ಎಚ್ ಸಾಕು. ಆಮೇಲೆ ಅಪ್‌ಡೇಟನ್ನ ತಾನೇ ಹಾಕ್ಕೊಳ್ಳೋ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಹಾಕಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗತ್ತೆ ಅಂತ ಹೇಳೋಕಾಗಲ್ಲ, ತಪ್ಪಿದ ಅಪ್‌ಡೇಟು ಮಷಿನ್ ಆನ್ ಆದಮೇಲೆ ತಾನೇ ಓಡತ್ತೆ, ಆದ್ರೆ ಅಪ್‌ಡೇಟ್ ನಡೀತಿರುವಾಗ್ಲೇ ಹೋದ್ರೆ ಪ್ಯಾಕೇಜು ಅರ್ಧಕ್ಕೆ ಸಿಕ್ಕಾಕ್ಕೊಳ್ಳತ್ತೆ, ಹಂಗಾಗಿ ಸಣ್ಣದಾದ್ರೂ ಒಂದು ಯುಪಿಎಸ್ ಇರ್ಲಿ. ಕರ್ನಲ್‌ಗೆ (ಲಿನಕ್ಸಿನ ಒಳಗಿನ ತಿರುಳಿಗೆ) ಅಪ್‌ಡೇಟ್ ಬಂದ್ರೆ ರೀಬೂಟ್ ಆಗೋ ತನಕ ಹಳೇ ಕರ್ನಲ್ಲೇ ಓಡ್ತಿರತ್ತೆ, ಅಂಗಡಿ ರಜೆ ದಿನ ನೋಡ್ಕೊಂಡು ರೀಬೂಟ್ ಮಾಡಿ.