ಸಿಡಿ ಪ್ರಾಜೆಕ್ಟ್ ರೆಡ್‌ಗೆ ಬೈಯುವವರ ಎದುರು ಮಾತಾಡುದು ಹೇಗೆ

ನಮ್ಮ ಮಂಗಳೂರಲ್ಲಿ ಗೇಮ್ ಆಡುವ ನಾಲ್ಕು ಜನ ಒಟ್ಟಿಗೆ ಕೂತ್ರೆ ಸಾಕು, ಹಂಪನಕಟ್ಟೆ ಕಡೆಯ ಗೇಮಿಂಗ್ ಕೆಫೆ ಇರ್ಲಿ ಸುರತ್ಕಲ್ ಹಾಸ್ಟೆಲ್ ರೂಮ್ ಇರ್ಲಿ, ಸ್ವಲ್ಪ ಹೊತ್ತಲ್ಲಿ ಯಾರಾದ್ರೂ ಒಬ್ಬ "ಸೈಬರ್‌ಪಂಕ್ ಮಾಡಿದ ಕಂಪನಿಯಾ, ಅದು ಮೋಸದ ಕಂಪನಿ ಮಾರಾಯ" ಅಂತ ಶುರು ಮಾಡ್ತಾನೆ. ಅಲ್ಲಿಂದ ನಮ್ಮಂಥವರಿಗೆ ಬಿಪಿ ಏರ್ತದೆ, "ನಿನಗೆ ಗೇಮ್ ಅಂದ್ರೆ ಎಂತ ಗೊತ್ತುಂಟು" ಅಂತ ಬಾಯಿಗೆ ಬಂದದ್ದು ಹೇಳಿ ಆಗ್ತದೆ, ಮಾತು ಅಲ್ಲಿಗೇ ಕೆಟ್ಟು ಹೋಗ್ತದೆ. ಸೈಬರ್‌ಪಂಕ್, ವಿಚರ್ ಗೇಮ್‌ಗಳನ್ನು ಮಾಡಿದ ಪೋಲೆಂಡ್‌ನ ಈ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಅಂದ್ರೆ ನನಗೆ ಪ್ರಾಣ, ಅದರ ಪರ ಮಾತಾಡುವವರು ಬೇಕು ಅಂತ್ಲೇ ಇದನ್ನು ಬರೀತಿದ್ದೇನೆ. ಆದ್ರೆ ಹೆಚ್ಚಿನ ಫ್ಯಾನ್‌ಗಳು ಮಾತಾಡುವ ರೀತಿ ಉಂಟಲ್ಲ, ಅದರಿಂದ ಕಂಪನಿಗೆ ಇದ್ದ ಮರ್ಯಾದೆಯೂ ಹೋಗುದು. ನಾನು ಹೇಳುದು ಇಷ್ಟೆ, ಆಟ ಕಟ್ಟಿದವರ ಪರ ನಿಲ್ಲಿ, ಅದನ್ನು ಅರ್ಧಂಬರ್ಧ ಇರುವಾಗಲೇ ಮಾರಿದವರ ಪರ ನಿಲ್ಬೇಡಿ.

ಯಾರಾದ್ರೂ ಬೈಲಿಕ್ಕೆ ಶುರು ಮಾಡಿದ ಕೂಡ್ಲೇ ಉತ್ತರ ಕೊಡ್ಲಿಕ್ಕೆ ಹೋಗ್ಬೇಡಿ, ಮೊದ್ಲು ಎರಡು ಪ್ರಶ್ನೆ ಕೇಳಿ. ಯಾವುದ್ರಲ್ಲಿ ಆಡಿದ್ದು? ಯಾವಾಗ ಆಡಿದ್ದು? ಸೈಬರ್‌ಪಂಕ್ 2077 ವಿಷಯದಲ್ಲಿ ಎಲ್ಲ ಇರುದೇ ಇದರಲ್ಲಿ. ಗೇಮ್ ಬಂದದ್ದು 2020ರ ಡಿಸೆಂಬರ್ 10ಕ್ಕೆ. ಒಳ್ಳೆ ಪಿಸಿ ಇದ್ದವರಿಗೆ ಬಗ್ (ಗೇಮ್‌ನ ಒಳಗಿನ ದೋಷ) ಇದ್ರೂ ಆಡ್ಲಿಕ್ಕೆ ಆಗ್ತಿತ್ತು, ಟಿವಿಗೆ ಹಾಕಿ ಆಡುವ ಹಳೇ ಕನ್ಸೋಲ್‌ಗಳಾದ ಪಿಎಸ್4, ಎಕ್ಸ್‌ಬಾಕ್ಸ್ ವನ್ ಇದ್ದವರಿಗೆ ಅದು ಆಡುವ ಸ್ಥಿತಿಯಲ್ಲೇ ಇರ್ಲಿಲ್ಲ. ಒಂದು ವಾರ ಆಗುವಷ್ಟರಲ್ಲಿ ಪಿಎಸ್4ನ ಕಂಪನಿ ಸೋನಿ ತನ್ನ ಸ್ಟೋರ್‌ನಿಂದಲೇ ಗೇಮ್ ತೆಗೆದು ಹಾಕಿ ದುಡ್ಡು ವಾಪಸ್ ಕೊಡ್ಲಿಕ್ಕೆ ಶುರು ಮಾಡಿತು, ಅಷ್ಟು ದೊಡ್ಡ ಗೇಮ್‌ಗೆ ಹಾಗೆ ಆದದ್ದು ಬಹಳ ಅಪರೂಪ. ಮತ್ತೆ ಸ್ಟೋರ್‌ಗೆ ಬಂದದ್ದು 2021ರ ಜೂನ್‌ನಲ್ಲಿ. ಎದುರಿನವ "ನಾನು ಬಿಡುಗಡೆ ದಿನವೇ ಪಿಎಸ್4ನಲ್ಲಿ ಆಡಿದ್ದು" ಅಂತ ಹೇಳಿದ್ರೆ ನೀವು ಹೇಳ್ಬೇಕಾದ್ದು ಒಂದೇ, "ನೀನು ಹೇಳುದು ಸರಿ ಉಂಟು". ಅಲ್ಲಿ "ಆದ್ರೆ" ಸೇರಿಸ್ಬೇಡಿ, ಅವನು ದುಡ್ಡು ಕೊಟ್ಟಿದ್ದಾನೆ, ಅವನಿಗೆ ಸಿಕ್ಕಿದ್ದು ಆ ದುಡ್ಡಿನ ವಸ್ತು ಅಲ್ಲ.

ಎದುರಿನವ ಆಡ್ಲೇ ಇಲ್ಲ, ಆಗಿನ ಬಗ್ ವೀಡಿಯೊ ನೋಡಿ ನಕ್ಕದ್ದು ಮಾತ್ರ ಅಂತಾದ್ರೆ ಮಾತು ಬೇರೆ, ಅವನ ಹತ್ರ ಈಗಿನ ಗೇಮ್ ಬಗ್ಗೆ ಮಾತಾಡ್ಬಹುದು.

ಇಲ್ಲಿ ಫ್ಯಾನ್‌ಗಳು ಒಪ್ಲಿಕ್ಕೆ ಹಿಂಜರಿಯುವ ಒಂದು ವಿಷಯ ಉಂಟು, ಅದನ್ನು ನೀವೇ ಮೊದ್ಲು ಎತ್ತಿ. ಬಿಡುಗಡೆಗೆ ಮುಂಚೆ ವಿಮರ್ಶೆ ಬರೆಯುವವರಿಗೆ ಕಂಪನಿ ಕೊಟ್ಟದ್ದು ಪಿಸಿ ಕಾಪಿ ಮಾತ್ರ, ಅದೂ ಅವರು ಆಡಿದ ವೀಡಿಯೊ ಹಾಕುವ ಹಾಗಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಹಾಕ್ಬೇಕು. ಹಳೇ ಕನ್ಸೋಲ್‌ನಲ್ಲಿ ಗೇಮ್ ಹೇಗುಂಟು ಅಂತ ದುಡ್ಡು ಕೊಟ್ಟ ಜನರಿಗೆ ಗೊತ್ತಾಗುವ ದಾರಿಯೇ ಇರ್ಲಿಲ್ಲ. ಇದು ಬಗ್ ಅಲ್ಲ, ಮುಚ್ಚಿಟ್ಟದ್ದು. "ಬಗ್ ಇಲ್ಲದ ಗೇಮ್ ಯಾವುದುಂಟು" ಅಂತ ನೀವು ವಾದ ಮಾಡಿದ್ರೆ ಈ ಮಾತು ಎದುರಿನವನ ಬಾಯಿಂದ ಬರ್ತದೆ, ಆಮೇಲೆ ನಿಮ್ಮ ಹತ್ರ ಉತ್ತರ ಇರುದಿಲ್ಲ. ಹೂಡಿಕೆದಾರರು ಅಮೆರಿಕಾದಲ್ಲಿ ಕೇಸ್ ಹಾಕಿದ್ರು, ಕಂಪನಿ 18.5 ಲಕ್ಷ ಡಾಲರ್‌ಗೆ ಅದನ್ನು ಇತ್ಯರ್ಥ ಮಾಡಿಕೊಂಡಿತು, ಅದೂ ನಿಮಗೆ ಗೊತ್ತಿರ್ಲಿ.

ಹಾಗಾದ್ರೆ ನಾವು ಯಾರ ಪರ ಮಾತಾಡುದು ಅಂದ್ರೆ, ಅದಕ್ಕೆ ಉತ್ತರ ಕಂಪನಿಯ ಸ್ಥಾಪಕರಲ್ಲಿ ಒಬ್ಬರೇ ಕೊಟ್ಟದ್ದುಂಟು. 2021ರ ಜನವರಿಯಲ್ಲಿ ಮಾರ್ಚಿನ್ ಇವಿನ್‌ಸ್ಕಿ ವೀಡಿಯೊದಲ್ಲಿ ಬಂದು ಕ್ಷಮೆ ಕೇಳಿದ್ರು, ಗೇಮ್ ಬಿಡುಗಡೆ ಮಾಡುವ ತೀರ್ಮಾನ ತನ್ನದು ಮತ್ತು ಆಡಳಿತ ಮಂಡಳಿಯದ್ದು, ಟೀಮನ್ನು ದೂರ್ಬೇಡಿ ಅಂತ ಹೇಳಿದ್ರು. ಆ ಮಾತನ್ನು ಹಿಡ್ಕೊಳ್ಳಿ. ಸೈಬರ್‌ಪಂಕ್ ಕಥೆ ನಡೆಯುವ ಊರು ನೈಟ್ ಸಿಟಿಯ ಒಂದೊಂದು ಗಲ್ಲಿ, ಬೋರ್ಡು, ಕಿಟಕಿ ಕೂರಿಸಿದವರು ಬೇರೆ, ತಾರೀಖು ನಿಗದಿ ಮಾಡಿದವರು ಬೇರೆ. ತಾರೀಖು ಕೂಡ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಲ್ಲಿಂದ ನವೆಂಬರ್, ಅಲ್ಲಿಂದ ಡಿಸೆಂಬರ್ ಅಂತ ಜಾರಿ ಜಾರಿ ಬಂದದ್ದು. ಕಡ್ಡಾಯ ಓವರ್‌ಟೈಮ್ ಮಾಡಿಸುದಿಲ್ಲ ಅಂತ 2019ರಲ್ಲಿ ಹೇಳಿದ ಮೇಲಧಿಕಾರಿಗಳೇ 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನ ಕೆಲಸ ಅಂದ್ರು. ಹೆಚ್ಚಿನ ದುಡಿಮೆಗೆ ಸಂಬಳ ಕೊಟ್ಟಿದ್ದಾರೆ, ಹೌದು. ಆದ್ರೆ ಕೊಟ್ಟ ಮಾತು ಮುರಿದದ್ದು ಮುರಿದದ್ದೇ. ಯಾರಾದ್ರೂ ಈ ಕ್ರಂಚ್, ಅಂದ್ರೆ ಬಿಡುಗಡೆ ಹತ್ರ ಬಂದಾಗ ಹೀಗೆ ಹೆಚ್ಚು ಹೊತ್ತು ದುಡಿಸುವ ವಿಷಯ ತೆಗೆದ್ರೆ ಅವನನ್ನು ವೈರಿ ಅಂತ ನೋಡ್ಬೇಡಿ, ಅವನು ನಿಮಗೆ ಇಷ್ಟವಾದ ಗೇಮ್ ಮಾಡಿದವರ ಪರವೇ ಮಾತಾಡುದು. ಅಲ್ಲಿ ನೀವಿಬ್ರೂ ಒಂದೇ ಕಡೆ.

ಇದನ್ನೆಲ್ಲ ಒಪ್ಪಿದ ಮೇಲೆ ನಿಮ್ಮ ಮಾತಿಗೆ ತೂಕ ಬರ್ತದೆ, ಆಗ ಆಮೇಲೆ ಎಂತ ಆಯ್ತು ಅಂತ ಹೇಳಿ. ಸುಮ್ನೆ "ಈಗ ಸೂಪರ್ ಉಂಟು" ಅಂದ್ರೆ ಯಾರೂ ನಂಬುದಿಲ್ಲ, ಎಂತ ಬದಲಾಯ್ತು ಅಂತ ಹೇಳ್ಬೇಕು. 2022ರ ಫೆಬ್ರವರಿಯಲ್ಲಿ 1.5 ಪ್ಯಾಚ್, ಅಂದ್ರೆ ಗೇಮ್ ರಿಪೇರಿ ಮಾಡುವ ಅಪ್‌ಡೇಟ್ ಬಂತು, ಹೊಸ ಕನ್ಸೋಲ್‌ಗೆ ಸರಿಯಾದ ವರ್ಶನ್ ಸಿಕ್ಕಿದ್ದು ಆವಾಗ. 2023ರ ಸೆಪ್ಟೆಂಬರ್ 21ಕ್ಕೆ 2.0 ಬಂತು, ಇದೇ ದೊಡ್ಡದು, ಮುಂಚೆ ಪೊಲೀಸರು ನಿಮ್ಮ ಬೆನ್ನ ಹಿಂದೆಯೇ ಗಾಳಿಯಲ್ಲಿ ಹುಟ್ಟಿದ ಹಾಗೆ ಬಂದು ನಿಲ್ತಿದ್ರು, 2.0ರಲ್ಲಿ ಗಾಡಿ ಹತ್ತಿ ನಿಜವಾಗಿ ಅಟ್ಟಿಸ್ಕೊಂಡು ಬರ್ತಾರೆ, ಪಾತ್ರದ ಸಾಮರ್ಥ್ಯ ಬೆಳೆಸುವ ಸ್ಕಿಲ್ ಟ್ರೀ ಪೂರ್ತಿ ಹೊಸತು, ಗಾಡಿಯಲ್ಲಿ ಕೂತೇ ಗುಂಡು ಹೊಡೀಬಹುದು, ಇಷ್ಟೂ ಗೇಮ್ ಇದ್ದವರಿಗೆ ಫ್ರೀ. ಅದಾಗಿ ಐದು ದಿನಕ್ಕೆ ಹೊಸ ಕಥೆಯ ಹೆಚ್ಚುವರಿ ಭಾಗ ಫ್ಯಾಂಟಮ್ ಲಿಬರ್ಟಿ ಬಂತು, ಅದಕ್ಕೆ ದುಡ್ಡು ಕೊಡ್ಬೇಕು. ಆಮೇಲೆ ಡಿಸೆಂಬರ್‌ನ 2.1ರಲ್ಲಿ ಮೆಟ್ರೊ. ಮೆಟ್ರೊ ಕಥೆ ನನಗೆ ತುಂಬಾ ಇಷ್ಟ, 2018ರ ಟ್ರೈಲರ್‌ನಲ್ಲಿ ತೋರಿಸಿದ ಮೆಟ್ರೊ 2020ರ ಗೇಮ್‌ನಲ್ಲಿ ಇರ್ಲಿಲ್ಲ, ಸ್ಟೇಷನ್‌ಗೆ ಹೋದ್ರೆ ಮ್ಯಾಪ್ ತೆರೀತಿತ್ತು ಅಷ್ಟೆ. ಈಗ ರೈಲು ಹತ್ತಿ ಕಿಟಕಿ ಹತ್ರ ನಿಂತು ಇಡೀ ಊರು ನೋಡ್ಕೊಂಡು ಹೋಗ್ಬಹುದು. ಮಿಷನ್ ಇಲ್ಲ, ಪಾಯಿಂಟ್ ಇಲ್ಲ, ಸುಮ್ನೆ ಕೂತು ಹೋಗುದು. ಗೇಮ್ ಬಂದು ಮೂರು ವರ್ಷ ಆದ ಮೇಲೆ, ಒಂದು ರೂಪಾಯಿ ಹೆಚ್ಚು ಬಾರದ ಕೆಲಸಕ್ಕೆ ಯಾರೋ ಕೂತು ಅಷ್ಟು ಮಾಡಿದ್ದಾರಲ್ಲ, ನಾನು ಕಂಪನಿಯ ಪರ ಹೇಳುವ ಮಾತಲ್ಲಿ ಇದೇ ಮೊದಲನೆಯದು.

ಇಲ್ಲಿಯೂ ಒಂದು ಎಚ್ಚರ ಬೇಕು. 2.0 ಪಿಎಸ್4ಗೆ, ಎಕ್ಸ್‌ಬಾಕ್ಸ್ ವನ್‌ಗೆ ಬರ್ಲೇ ಇಲ್ಲ, ಫ್ಯಾಂಟಮ್ ಲಿಬರ್ಟಿಯೂ ಇಲ್ಲ. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರಿಗೇ ಕೊನೆಯ ಊಟ ಸಿಗ್ಲಿಲ್ಲ. "ಕಂಪನಿ ಎಲ್ಲ ಸರಿ ಮಾಡಿತು" ಅಂತ ಅವರ ಎದುರು ಹೇಳ್ಬೇಡಿ, "ಹೆಚ್ಚಿನದು ಸರಿ ಮಾಡಿತು, ನಿಮ್ಮ ಮಟ್ಟಿಗೆ ಅಲ್ಲ" ಅನ್ನಿ.

ಮಾತಾಡಿ ಮನಸ್ಸು ಬದಲಾಯಿಸ್ಲಿಕ್ಕೆ ಆಗದಿದ್ರೆ ಕಂಟ್ರೋಲರ್ ಕೈಗೆ ಕೊಡಿ, ಅಥವಾ ಪಕ್ಕದಲ್ಲಿ ಕೂರಿಸಿ ತೋರಿಸಿ. ಎಂತ ತೋರಿಸುದು ಅಂದ್ರೆ, ಸೈಬರ್‌ಪಂಕ್ ಬೇಡ, ಇದೇ ಕಂಪನಿಯ 2015ರ ಗೇಮ್ ವಿಚರ್ 3 ತೋರಿಸಿ. ಶುರುವಿನ ಭಾಗ ಬೇಡ, ಅದು ನಿಧಾನ. ಅದರಲ್ಲಿ ವೆಲೆನ್ ಅನ್ನುವ ಸೀಮೆಯ ಬ್ಲಡಿ ಬ್ಯಾರನ್ ಕಥೆಗೆ ಒಂದು ಸೇವ್ ಮಾಡಿ ಇಟ್ಕೊಳ್ಳಿ, ಬ್ಯಾರನ್ ಸತ್ತ ಕೂಸನ್ನು ಹುಡುಕ್ಲಿಕ್ಕೆ ಹೊರಡುವ ರಾತ್ರಿಯ ಮುಂಚಿನದ್ದು. ಆಟೊ ಸೇವ್ ನಂಬ್ಬೇಡಿ, ನೀವೇ ಬೇರೆ ಸೇವ್ ಮಾಡಿ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಸಣ್ಣ ಮಕ್ಕಳು ಇರುವ ಹಾಲ್‌ನಲ್ಲೂ ಹಾಕ್ಬೇಡಿ, ಗೇಮ್ ದೊಡ್ಡವರಿಗೆ ಮಾಡಿದ್ದು.

ನಾನು ಇದನ್ನು ನನ್ನ ಚಿಕ್ಕಮ್ಮನ ಮಗನಿಗೆ ತೋರಿಸಿದ್ದೆ, ಗೇಮ್ ಅಂದ್ರೆ ಹೊಡಿ ಬಡಿ ಅಷ್ಟೇ ಅಂತ ಹೇಳುವ ಹುಡುಗ. ಬ್ಯಾರನ್ ಕುಡಿದು ಹೆಂಡತಿಗೆ ಹೊಡೆದವ, ಅವಳಿಗೆ ಹೊಟ್ಟೆಯಲ್ಲಿದ್ದ ಮಗು ಹೋಯ್ತು, ಹೆಸರಿಡದೆ ಕ್ರಮ ಮಾಡದೆ ಹೂತ ಆ ಮಗು ಈಗ ಪಿಶಾಚಿ ಆಗಿ ಬಂದದ್ದು. ಅದನ್ನು ಕೊಲ್ಲಲೂಬಹುದು. ಕೊಲ್ಲದಿದ್ರೆ ಬ್ಯಾರನೇ ಎತ್ಕೊಂಡು ಮನೆ ಹೊಸ್ತಿಲ ತನಕ ನಡೀಬೇಕು, ದಾರಿಯಲ್ಲಿ ಅದು ಕೈಯಲ್ಲೇ ಕೊಸರಾಡ್ತದೆ, ನೀವು ಕಥಾನಾಯಕ ಗೆರಾಲ್ಟ್ ಆಗಿ ಅದನ್ನು ಮತ್ತೆ ಮತ್ತೆ ಸಮಾಧಾನ ಮಾಡ್ಬೇಕು, ನಡುವೆ ಪ್ರೇತಗಳು ಮೇಲೆ ಬೀಳ್ತವೆ. ಕೊನೆಗೆ ಹೊಸ್ತಿಲ ಹತ್ರ ಆ ದಪ್ಪ ಮನುಷ್ಯ ಕೂಸಿಗೆ ಡೇಯಾ ಅಂತ ಹೆಸರಿಟ್ಟು, ನೀನು ನನ್ನ ಮಗಳು ಅಂತ ಹೇಳಿ ಅಲ್ಲೇ ಮಣ್ಣು ಮಾಡ್ತಾನೆ. ಹುಡುಗ ಮೊಬೈಲ್ ಕೆಳಗಿಟ್ಟಿದ್ದ. "ಅಣ್ಣ, ಇದು ನಮ್ಮ ಕುಲೆ ಮದುವೆಯ ಹಾಗೇ ಅಲ್ವಾ" ಅಂದ. ಹೌದು, ಸಣ್ಣದಿರುವಾಗ ತೀರಿಹೋದ ಮಕ್ಕಳಿಗೆ ಮದುವೆಯ ಪ್ರಾಯ ಬಂದಾಗ ಮನೆಯವರು ಸಂಬಂಧ ನೋಡಿ ಮದುವೆ ಮಾಡಿಸುದು ನಮ್ಮ ತುಳುನಾಡಿನಲ್ಲಿ ಈಗಲೂ ಉಂಟು, ಸತ್ತ ಮಗು ಕೂಡ ಮನೆಯ ಮಗುವೇ ಅಂತ. ಪೋಲೆಂಡ್‌ನವರು ಅವರ ಕಡೆಯ ನಂಬಿಕೆ ಇಟ್ಟು ಮಾಡಿದ ದೃಶ್ಯ ನಮ್ಮ ಹುಡುಗನಿಗೆ ಯಾರೂ ವಿವರಿಸದೆ ಅರ್ಥ ಆಯ್ತು. ಇಂಥದ್ದು ಬರೆದವರ ಮೇಲೆ ನನಗೆ ಇರುವ ಗೌರವ ಯಾವ ಬಗ್‌ನಿಂದಲೂ ಕಮ್ಮಿ ಆಗುದಿಲ್ಲ.

ಇನ್ನು ಕಂಪನಿ ಜನರ ದುಡ್ಡಿಗೆ ಬೆಲೆ ಕೊಡುದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಹಳೇ ಲೆಕ್ಕ ತೆಗೀರಿ. 1994ರಲ್ಲಿ ವಾರ್ಸಾದಲ್ಲಿ ಇಬ್ಬರು ಹುಡುಗರು ಶುರು ಮಾಡಿದ್ದು, ಗೇಮ್ ಮಾಡುದಲ್ಲ, ಗೇಮ್ ಸಿಡಿ ಮಾರುದು. ಅಲ್ಲಿ ಆಗ ಎಲ್ಲ ಕಳ್ಳ ಕಾಪಿ, ನಮ್ಮಲ್ಲಿ ಕೂಡ ಪೈರೇಟೆಡ್ ಸಿಡಿ ಕಾಲ ಕಂಡವರಿಗೆ ಹೇಳ್ಬೇಕಾಗಿಲ್ಲ. ಜನ ಅಸಲಿಯೇ ತಗೊಳ್ಳುವ ಹಾಗೆ ಮಾಡ್ಲಿಕ್ಕೆ ಅವರು ಬಾಲ್ಡರ್ಸ್ ಗೇಟ್ ಗೇಮನ್ನು ಪೋಲಿಷ್‌ಗೆ ತಂದ್ರು, ಅಲ್ಲಿಯ ಹೆಸರಾಂತ ನಟರಿಂದ ದನಿ ಕೊಡಿಸಿದ್ರು, ಡಬ್ಬದಲ್ಲಿ ಬೇರೆ ಬೇರೆ ವಸ್ತು ಹಾಕಿ ಕೊಟ್ರು. ಅದೇ ಬುದ್ಧಿ 2008ರಲ್ಲಿ ಜಿಓಜಿ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ಆಯ್ತು, ಅಲ್ಲಿ ತಗೊಂಡ ಗೇಮ್‌ಗೆ ಬೀಗ ಇಲ್ಲ, ಇನ್‌ಸ್ಟಾಲರ್ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕಿಟ್ರೆ ನೆಟ್ ಇಲ್ಲದ ದಿನವೂ ಹಾಕಿ ಆಡ್ಬಹುದು. ವಿಚರ್ 3ಗೆ 16 ಸಣ್ಣ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಭಾಗ) ಫ್ರೀ ಕೊಟ್ರು, 2022ರ ಡಿಸೆಂಬರ್‌ನಲ್ಲಿ ಹೊಸ ಕನ್ಸೋಲ್‌ಗಳ ಅಪ್‌ಡೇಟ್ ಕೂಡ ಇದ್ದವರಿಗೆ ಫ್ರೀ. ರೇಟ್ ಜಾಸ್ತಿ ಅನ್ನುವವರಿಗೆ ಸೇಲ್ ಬರುವ ತನಕ ಕಾಯ್ಲಿಕ್ಕೆ ಹೇಳಿ, ಅಷ್ಟೆ.

ಎಂತ ಮಾಡ್ಬಾರದು ಅಂತ ಹೇಳ್ಲೇಬೇಕು, ಯಾಕಂದ್ರೆ ಈ ಕಂಪನಿಯ ಫ್ಯಾನ್‌ಗಳ ಹೆಸರು ಹಾಳಾದದ್ದು ಅಲ್ಲಿ. ಸೈಬರ್‌ಪಂಕ್ ಬರುವ ಕೆಲವು ದಿನ ಮುಂಚೆ ಅಮೆರಿಕಾದ ಒಬ್ಬರು ಪತ್ರಕರ್ತೆ, ಅವರಿಗೆ ಅಪಸ್ಮಾರ ಇತ್ತು, ಗೇಮ್‌ನಲ್ಲಿ ಬೇರೆಯವರ ನೆನಪಿನ ಒಳಗೆ ಹೋಗಿ ನೋಡುವ ಬ್ರೇನ್‌ಡ್ಯಾನ್ಸ್ ದೃಶ್ಯಗಳಲ್ಲಿ ಮಿನುಗುವ ಲೈಟ್‌ನಿಂದ ಫಿಟ್ಸ್ ಬರ್ಬಹುದು, ಜಾಗ್ರತೆ ಅಂತ ಬರೆದ್ರು. ಕೆಲವರು ಅವರಿಗೆ ಬೇಕು ಅಂತ್ಲೇ ಫಿಟ್ಸ್ ಬರಿಸುವಂಥ ವೀಡಿಯೊಗಳನ್ನು ಕಳಿಸಿದ್ರು. ಗೇಮ್‌ನ ಪರ ಅಂತ ಹೇಳ್ಕೊಂಡು ಒಬ್ಬರ ಜೀವಕ್ಕೆ ಕೈ ಹಾಕಿದ್ದು. ಕಂಪನಿ ಎಂತ ಮಾಡಿತು ಗೊತ್ತುಂಟಾ, ಅವರ ಮಾತು ಕೇಳಿ ಎಚ್ಚರಿಕೆಯ ಸಾಲು ಹಾಕಿತು, ಬಿಡುಗಡೆ ಆದ ದಿನಗಳಲ್ಲೇ ಆ ಲೈಟ್‌ಗಳನ್ನೂ ಬದಲಾಯಿಸಿತು. ಆ ವಾರ ಗೇಮ್‌ಗೆ ಒಳ್ಳೇದು ಮಾಡಿದ್ದು ತಪ್ಪು ತೋರಿಸಿದ ಆ ಹೆಂಗಸು. ತಾರೀಖು ಮುಂದೆ ಹೋದಾಗ ಡೆವಲಪರ್‌ಗಳಿಗೇ ಕೊಲೆ ಬೆದರಿಕೆ ಹಾಕಿದವರೂ ಉಂಟು. ನಿಮ್ಮ ಪಕ್ಕದವ ನಿಮ್ಮ ಪರವೇ ಮಾತಾಡ್ತಾ ಹೀಗೆ ಬೈಲಿಕ್ಕೆ ಇಳಿದ್ರೆ ಮೊದ್ಲು ಅವನ ಬಾಯಿ ಮುಚ್ಚಿಸಿ, ಎದುರಿನವನ ಹತ್ರ ಆಮೇಲೆ ಮಾತಾಡಿದ್ರೆ ಆಯ್ತು.

ಮುಂದೆ ಬರುದು ವಿಚರ್ 4. 2024ರ ಡಿಸೆಂಬರ್‌ನಲ್ಲಿ ಟ್ರೈಲರ್ ಬಂತು, ಈ ಸಲ ಗೆರಾಲ್ಟ್‌ನ ಸಾಕು ಮಗಳು ಸಿರಿ ನಾಯಕಿ ಅಂತ ಗಲಾಟೆ ಈಗಾಗ್ಲೇ ಉಂಟು. ಅದಕ್ಕೆ ಉತ್ತರ ಸುಲಭ, ವಿಚರ್ 3ರಲ್ಲೇ ಸಿರಿಯಾಗಿ ಆಡುವ ಭಾಗಗಳಿದ್ದವು, ಗೆರಾಲ್ಟ್ ಇಡೀ ಗೇಮ್ ಹುಡುಕಿದ್ದೇ ಅವಳನ್ನು. ಆದ್ರೆ 2025ರ ಜೂನ್‌ನಲ್ಲಿ ಪಿಎಸ್5ನಲ್ಲಿ ತೋರಿಸಿದರಲ್ಲ, ಅದನ್ನು ಹಿಡ್ಕೊಂಡು "ನೋಡು ಗ್ರಾಫಿಕ್ಸ್" ಅಂತ ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ. ಅದು ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್‌ನ ಟೆಕ್ ಡೆಮೊ, ಗೇಮ್ ಅಲ್ಲ ಅಂತ ಕಂಪನಿಯೇ ಹೇಳಿದೆ. ಪ್ರಿ-ಆರ್ಡರ್ ಮಾಡು ಅಂತ ಕೂಡ ಯಾರನ್ನೂ ಒತ್ತಾಯ ಮಾಡ್ಬೇಡಿ. ಅವನ ಹತ್ರ ಇರುವ ಮಷಿನ್‌ನಲ್ಲೇ ಆಡಿದ ವೀಡಿಯೊ, ಕಂಪನಿ ಕೊಟ್ಟದ್ದಲ್ಲ, ವಿಮರ್ಶಕರೇ ತೆಗೆದದ್ದು, ಅದು ಬಂದ ಮೇಲೆ ಇಬ್ಬರೂ ಒಟ್ಟಿಗೆ ಕೂತು ನೋಡಿ ತೀರ್ಮಾನ ಮಾಡಿ.